ಪುಸ್ತಕಕ್ಕೆ ತುಂಬಿದ ಉಡಿ

ಮೊರಬ, ನವಲಗುಂದ ತಾಲ್ಲೂಕು
ಮಂಗಳವಾರ, ೨೨ ಜುಲೈ ೧೯೮೬

ಪ್ರೀತಿಯ ಅವ್ವಾ, ನಿನ್ನ ಪಾದಕ್ಕೆ ಸಾವಿತ್ರೆವ್ವನ ಶರಣು.

ಮೊಣಕಾಲು ಹೇಗಿವೆ? ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುತ್ತೀಯೋ, ಇಲ್ಲಾ ಬಾಟಲಿಯನ್ನು ಗೋಡೆಯ ಮಾಡದಲ್ಲಿಟ್ಟು ಅದರ ಮುಖ ನೋಡುತ್ತ ಕೂತಿದ್ದೀಯೋ? ತಂಬೂರಿನಲ್ಲಿ ಮಳೆ ಹಿಡಿದಿದೆ ಎಂದು ಬಸ್ಸಿನಲ್ಲಿ ಸಿಕ್ಕವರು ಹೇಳಿದರು. ಕಳೆ ತೆಗೆಯಲು ನೀನು ಗದ್ದೆಗೆ ಇಳಿಯಬೇಡ, ಕೈಕಾಲು ಗಟ್ಟಿ ಇದ್ದವರು ಮನೆಯಲ್ಲಿದ್ದಾರೆ. ಅಪ್ಪನ ಕೆಮ್ಮು ಕಡಿಮೆಯಾಯಿತೇ? ಇಲ್ಲಿ ಹೆಸರು ಹೂವಿಗೆ ಬಂದಿದೆ, ಅತ್ತೆ ಆರಾಮ ಇದ್ದಾರೆ, ಬಾಲವಾಡಿಯ ಮಕ್ಕಳು ಎಂದಿನಂತೆ ನನ್ನ ತಲೆ ತಿನ್ನುತ್ತಿದ್ದಾರೆ. ನಾನು ಮಾತ್ರ ಆರಾಮ ಇಲ್ಲ. ಜ್ವರ ಗಿರ ಏನಲ್ಲ, ಸಿಟ್ಟು. ರೊಟ್ಟಿ ಬಡಿಯಲು ಕೂತರೆ ರೊಟ್ಟಿ ಹರಿಯುವಷ್ಟು ಸಿಟ್ಟು.

ನನ್ನ ಮೊದಲ ಕಾದಂಬರಿ ಅಚ್ಚಾಗಿ ಬಂದದ್ದು ನಿನಗೆ ಗೊತ್ತು. ಮೊನ್ನೆ ರವಿವಾರ ನವಲಗುಂದದಲ್ಲಿ ನಮ್ಮ ಬರಹಗಾರರ ಬಳಗದವರು ಅದಕ್ಕೊಂದು ಸಮಾರಂಭ ಮಾಡಿದರು. ಬಳಗ ಅಂದರೆ ಯಾರೋ ದೊಡ್ಡ ಮಂದಿ ಅಲ್ಲ. ಮಾಸ್ತರರು, ಒಕ್ಕಲುತನದವರು, ಪೋಸ್ಟಿನವನೊಬ್ಬ, ಹೆಣ್ಣು ನಾನೊಬ್ಬಳೇ. ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲವಲ್ಲ, ಅಂದು ಒಕ್ಕಲಿಗರಿಗೂ ಬಿಡುವು ಎಂದು ಪ್ರತಿ ಅಮಾವಾಸ್ಯೆಗೆ ಕೂಡುತ್ತೇವೆ. ಬರೆದದ್ದನ್ನು ಗಟ್ಟಿಯಾಗಿ ಓದಿ, ಒಬ್ಬರನ್ನೊಬ್ಬರು ಬೈದು, ಚಹಾ ಕುಡಿದು ಏಳುತ್ತೇವೆ. ಗಂಡ ಸತ್ತವಳೊಬ್ಬಳು ತನ್ನ ಮನೆಯಲ್ಲೇ ಬದಿಗೆ ಸರಿಯುತ್ತ ಸರಿಯುತ್ತ, ಇನ್ನು ಸರಿಯಲು ಜಾಗವಿಲ್ಲದಾಗ ಎದ್ದು ನಿಲ್ಲುವ ಕಥೆ ನನ್ನದು. ಅದರ ಒಂದೊಂದು ಅಧ್ಯಾಯವೂ ಇವರೆಲ್ಲರ ಕಿವಿಯ ಮೇಲೆ ಬಿದ್ದಿದೆ. ಬಳಗದ ಅಧ್ಯಕ್ಷರು ಶಿದ್ಲಿಂಗಪ್ಪ ಮಾಸ್ತರರು ಅದನ್ನು ಕೇಳಿ ಕಣ್ಣೊರೆಸಿಕೊಂಡಿದ್ದರು. ಅದು ನೆನಪಾದರೆ ಈಗ ಮೈ ಉರಿಯುತ್ತದೆ.

ಶಾಲೆಯ ಹಾಲ್ ತುಂಬ ಜನ. ಮೇಜಿನ ಮೇಲೆ ನನ್ನ ಪುಸ್ತಕಗಳನ್ನು ಒಟ್ಟಿದ್ದರು. ಸುಳ್ಳು ಯಾಕೆ ಹೇಳಲಿ, ಅಚ್ಚಿನಲ್ಲಿ ನನ್ನ ಹೆಸರು ನೋಡಿ ಅದರ ಮೇಲೆ ಎರಡು ಸಲ ಬೆರಳಾಡಿಸಿದೆ. ಶರಣರ ನಾಡಿನಲ್ಲಿ ಹೆಣ್ಣು ಗಂಡು, ಮುತ್ತೈದೆ ವಿಧವೆ ಎಂಬ ಭೇದವೇ ಇಲ್ಲ ಎಂದು ಮಾಸ್ತರರು ಭಾಷಣ ಹೊಡೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಹುಚ್ಚಿ.

ಆಮೇಲೆ ಸತ್ಕಾರ. ಗಂಡಸರ ಪುಸ್ತಕ ಬಂದರೆ ಬಳಗದಲ್ಲಿ ಶಾಲು ಹೊದಿಸುವ ರೂಢಿ. ನನ್ನ ಸಲುವಾಗಿ ಶಾಲು ತಂದಿರಲೇ ಇಲ್ಲ. ಹೆಣ್ಣುಮಗಳಿಗೆ ಉಡಿ ತುಂಬುವುದೇ ದೊಡ್ಡ ಮರ್ಯಾದೆ ಎಂದು ತಾವೇ ತೀರ್ಮಾನಿಸಿ, ಮಾಸ್ತರರ ಹೆಂಡತಿ ಗುರವ್ವನ ಕೈಯಲ್ಲಿ ತಾಟು ತರಿಸಿದ್ದರು. ಕುಪ್ಪಸದ ಖಣ, ತೆಂಗಿನಕಾಯಿ, ಅಕ್ಕಿ, ಎಲೆ ಅಡಿಕೆ, ಅರಿಸಿನ ಕುಂಕುಮ, ಹಸಿರು ಬಳೆ. ನನ್ನ ಬಾಯಿಂದಲೇ ವಿಧವೆಯ ಕಥೆ ಕೇಳಿದವರಿಗೆ, ಓದಿದವಳೂ ವಿಧವೆ ಎನ್ನುವುದು ತಾಟು ವೇದಿಕೆ ಏರುವ ತನಕ ತಲೆಗೆ ಹೊಳೆದಿಲ್ಲ ನೋಡು. ಗುರವ್ವ ನನ್ನ ಎದುರು ಬಂದು ನಿಂತಳು. ಹಣೆ ನೋಡಿದಳು, ಬರಿಗೈ ನೋಡಿದಳು, ಗಂಡನ ಮುಖ ನೋಡಿದಳು. ನಾನು ಅಷ್ಟು ಹೊತ್ತಿಗೆ ಸೆರಗು ಒಡ್ಡಿಬಿಟ್ಟಿದ್ದೆ ಅವ್ವಾ. ಅಷ್ಟೂ ಮಂದಿಯ ಎದುರು ಸೆರಗು ಒಡ್ಡಿ ನಿಂತಿದ್ದೆ. ಅವಳ ಕೈ ಮುಂದೆ ಬರಲಿಲ್ಲ.

ಆಗ ಮಾಸ್ತರರ ತಲೆ ಓಡಿತು. ಮೈಕು ಹಿಡಿದು, "ಕೃತಿ ಅಂದ್ರ ಸಾವಿತ್ರೆವ್ವನವರ ಮಗಳಿದ್ದಂಗ. ಮಗಳಿಗೆ ಉಡಿ ತುಂಬೂಣು. ಪುಸ್ತಕಕ್ಕ ತುಂಬು" ಎಂದರು. ಗುರವ್ವ ಬದುಕಿದೆ ಎಂದು ಉಸಿರು ಬಿಟ್ಟು ಆ ಕಡೆ ತಿರುಗಿದಳು. ಪುಸ್ತಕಗಳಿಗೆ ಅರಿಸಿನ ಕುಂಕುಮ ಹಚ್ಚಿದಳು, ಖಣ ಹೊದಿಸಿದಳು, ಕಾಯಿ ಇಟ್ಟು ಅಕ್ಕಿ ಸುರಿದಳು. ಬಳೆ ತೊಡಿಸಲು ಅವಕ್ಕೆ ಕೈ ಇರಲಿಲ್ಲ, ಸುಮ್ಮನೆ ಮೇಲಿಟ್ಟಳು. ಅಗದಿ ಛಲೋ ವಿಚಾರ ಎಂದು ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫೋಟೋದವನು ನನಗೆ ಸ್ವಲ್ಪ ಬಾಜು ಸರಿಯಲು ಹೇಳಿದ, ಪುಸ್ತಕ ಕಾಣಬೇಕಂತೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಇವರು ಅದನ್ನು ಮೈಕಿನಲ್ಲೇ ತಿಂದರು.

ನನ್ನನ್ನು ಮಾತಾಡಲು ಕರೆದರು. ಎಲ್ಲರ ಉಪಕಾರ ನೆನೆಯಲು ಎರಡು ಹಾಳೆ ಬರೆದುಕೊಂಡು ಹೋಗಿದ್ದೆ, ಹೊರಗೆ ತೆಗೆಯಲಿಲ್ಲ. "ನಾ ಸೆರಗ ಒಡ್ಡಿ ನಿಂತಿದ್ದೆ. ನಿಮಗ ಯಾರಿಗೂ ಕಾಣಲಿಲ್ಲೇನ್ರಿ?" ಎಂದೆ. ಸಾವಿತ್ರೆವ್ವನವರು ಆನಂದದಿಂದ ಭಾವುಕರಾಗಿದ್ದಾರೆ ಎಂದು ಮಾಸ್ತರರು ಮಂದಿಗೆ ಸಮಾಧಾನ ಹೇಳಿದರು. ಆನಂದವಂತೆ! ನಾನು ಒಂದು ಪ್ರತಿ ಎತ್ತಿಕೊಂಡು, ಅಕ್ಕಿ ಝಾಡಿಸಿ, ಕೆಳಗಿಳಿದು ನಡೆದೆ. ಗೋಧಿ ಹುಗ್ಗಿಯ ವಾಸನೆ ಬಾಗಿಲ ತನಕ ಬಂತು. ಹಸಿವೂ ಇತ್ತು, ಉಣ್ಣಲಿಲ್ಲ.

ಪೋಸ್ಟಿನಲ್ಲಿದ್ದು ಕಥೆ ಬರೆಯುವ ಇಮಾಮುದ್ದೀನ ಬಸ್ ಸ್ಟ್ಯಾಂಡಿನ ತನಕ ಓಡಿ ಬಂದ. "ಸಿಟ್ಟಾಗಬ್ಯಾಡ್ರಿ ಅಕ್ಕಾರ, ಅವರೇನ ಕೆಟ್ಟ ಮಂದಿ ಅಲ್ಲ" ಎಂದ. ಅದೇ ನನ್ನ ಸಂಕಟ ಎಂದೆ. ಕೆಟ್ಟವರಾಗಿದ್ದರೆ ಅಲ್ಲೇ ನೀರಿಳಿಸಿ, ಮನೆಗೆ ಬಂದು ಉಂಡು ಮಲಗುತ್ತಿದ್ದೆ. ನನ್ನ ವಾಕ್ಯ ತಿದ್ದಿದವರು ಇವರೇ, ಅಚ್ಚಿನ ಮನೆಗೆ ಚಪ್ಪಲಿ ಸವೆಸಿದವರೂ ಇವರೇ. ನೀನಾದರೂ ಬಾಯಿ ಬಿಡಬಾರದಿತ್ತೇ ಎಂದು ಕೇಳಿದೆ. ನಿಮ್ಮ ಮಂದಿಯ ರೂಢಿಯಲ್ಲಿ ನಾನು ಬಾಯಿ ಹಾಕಿದ್ದರೆ ಮಾತು ಎಲ್ಲಿಗೆ ಹೋಗುತ್ತಿತ್ತು, ನೀವೇ ಹೇಳಿ ಎಂದ. ಅದೂ ಖರೆ. ಬಸ್ಸು ಬಂತು, ಹತ್ತಿದೆ.

ಮನೆಯಲ್ಲಿ ಅತ್ತೆಯ ಮಾತು ಬೇರೆ. ಬರೆದದ್ದಾಯಿತು, ಹೆಸರೂ ಬಂತು, ಇನ್ನು ಉಡಿಯೂ ಬೇಕೇನು ನಿನಗೆ ಎಂದರು. ಹೌದು, ಬೇಕು. ನನಗೆ ಖಣಕ್ಕೆ ಬರ ಬಂದಿಲ್ಲ, ತೆಂಗಿನಕಾಯಿಗೂ ಬಂದಿಲ್ಲ. ಇವಳೂ ನಮ್ಮವಳು ಎಂದು ಎಲ್ಲರೆದುರು ತುಂಬುವ ಕೈ ಬೇಕು. ಬಳಗವನ್ನಂತೂ ನಾನು ಬಿಡುವವಳಲ್ಲ. ಈ ಸಮಾರಂಭವನ್ನೇ ಬರೆದು, ಮುಂದಿನ ಅಮಾವಾಸ್ಯೆಗೆ ಅವರ ನಡುವೆ ಕೂತು ಓದುತ್ತೇನೆ. ಬೇಕಾದರೆ ತಿದ್ದಲಿ.

ಅಪ್ಪನಿಗೆ ನನ್ನ ಶರಣು ತಿಳಿಸು. ಅಣ್ಣನ ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಮುತ್ತು ಕೊಡು. ಕಸ್ತೂರೆವ್ವ ಕುಂದಗೋಳದಿಂದ ಬಂದರೆ ಅಕ್ಕ ನೆನೆಸಿದಳೆಂದು ಹೇಳು. ಶಿವ ನಿಮ್ಮನ್ನೆಲ್ಲ ತಂಪಾಗಿ ಇಟ್ಟಿರಲಿ. ನನ್ನ ಪಾಲಿನ ತಂಪನ್ನೂ ನೀವೇ ಇಟ್ಟುಕೊಳ್ಳಿ, ಸದ್ಯ ನನಗೆ ಬೇಡ.

ನಿನ್ನ ಹಿರಿಮಗಳು
ಸಾವಿತ್ರೆವ್ವ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇದನ್ನು ನೀನೊಬ್ಬಳೇ ಓದು. ಪಂಚಮಿಗೆ ನನ್ನನ್ನು ಕರೆಯಲು ಅಣ್ಣನನ್ನು ಕಳಿಸುತ್ತೀ. ನಿನ್ನ ಅಳಿಯ ಹೋದಾಗಿನಿಂದ, ಹಬ್ಬ ಮುಗಿಸಿ ಹೊರಡುವಾಗ ಕಸ್ತೂರೆವ್ವನನ್ನು ಪಡಸಾಲೆಯಲ್ಲಿ ಮಣೆ ಹಾಕಿ ಕೂಡಿಸಿ ಉಡಿ ತುಂಬುತ್ತೀ. ನನ್ನ ಸೀರೆ, ನನ್ನ ಕಾಯಿ ಕೈಚೀಲಕ್ಕೆ ಹಾಕಿ ಅಡುಗೆಮನೆಯಲ್ಲಿ ಕೊಡುತ್ತೀ, ಕೊಟ್ಟು ಅಳುತ್ತೀ. ನಿನ್ನ ಅಳು ನೋಡಿ ಪ್ರತಿ ಸಲ ಬಾಯಿ ಮುಚ್ಚಿಕೊಂಡು ಚೀಲ ಹಿಡಿದು ಬಂದಿದ್ದೇನೆ. ರವಿವಾರ ಗುರವ್ವನ ಕೈ ಮುಂದೆ ಬಾರದಾಗ ನನಗೆ ಕಂಡದ್ದು ನಿನ್ನ ಕೈ. ಈ ಸಲ ಪಡಸಾಲೆಯಲ್ಲಿ, ಕಸ್ತೂರೆವ್ವನ ಬಾಜು ಕೂಡಿಸಿ ತುಂಬುವುದಾದರೆ ಅಣ್ಣನನ್ನು ಕಳಿಸು. ಆಗದಿದ್ದರೆ ಅವನಿಗೆ ಬಸ್ಸಿನ ತ್ರಾಸ ಕೊಡಬೇಡ.