ಅಪ್ಪನ ಒಂದು ತಿಂಗಳ ಎಕ್ಸ್‌ಟೆನ್ಶನ್

ಮಾರ್ಚ್ 2, ಬೆಳಗ್ಗೆ

ಬಾತ್‌ರೂಮಿನ ಮುಂದೆ ಮತ್ತೆ ಬಕೆಟ್ ಸಾಲು. ನನ್ನದು ಕೊನೆಯದು. ಸೋಮವಾರ ಇಂಟರ್ನಲ್ಸ್. ಎರಡು ಚಾಪ್ಟರ್ ಮುಟ್ಟಿಯೂ ಇಲ್ಲ.

ಸಾಲಿನಲ್ಲಿದ್ದಾಗಲೇ ಮನೆಯಿಂದ ಫೋನ್. ಫೆಬ್ರವರಿ ಕೊನೆಗೇ ಅಪ್ಪ ರಿಟೈರ್ ಆಗಬೇಕಿತ್ತು. ಆಯುಷ್ಯವೆಲ್ಲ ಸರ್ಕಾರಿ ಬಸ್ಸಿನ ಸ್ಟೀರಿಂಗ್. ಬಿಟ್ಟಿಲ್ಲವಂತೆ. ಎಲೆಕ್ಷನ್ ಇದೆ, ಮಾರ್ಚ್ ಮುಗಿಯುವ ತನಕ ಇರಿ, ಮತಪೆಟ್ಟಿಗೆ ತರುವ ಬಸ್ಸಿಗೆ ನಂಬಿಕಸ್ಥರೇ ಬೇಕು ಅಂತ ಡಿಪೋ ಮ್ಯಾನೇಜರ್ ಕೇಳಿಕೊಂಡರಂತೆ. ಅಪ್ಪ ಉಬ್ಬಿಹೋಗಿದ್ದಾರೆ.

“ಒಂದು ತಿಂಗಳಲ್ಲಿ ಸವೆದು ಹೋಗ್ತೀನೇನೇ?”

“ಪೆನ್ಶನ್ ಲೇಟ್ ಆಗಲ್ವಾ?”

“ಅದೆಲ್ಲಿಗೆ ಓಡಿಹೋಗುತ್ತೆ? ಪೆನ್ಶನ್ ಅಂದ್ರೆ ನನ್ನ ಹಿರಿಮಗ ಇದ್ದ ಹಾಗೆ. ನೀನು ಓದು. ಫೀಸು ಅವನು ಕಟ್ತಾನೆ.”

ಓಕೆ. ಆದರೂ ಅಂಗೈ ಬೆವರಿತು. ನನಗೆ ಎಲ್ಲದಕ್ಕೂ ಬೆವರುತ್ತದೆ.

ಮಾರ್ಚ್ 17

ಅಪ್ಪ ಫೋಟೋ ಕಳಿಸಿದ್ದಾರೆ. ಇಸ್ತ್ರಿ ಮಾಡಿದ ಯೂನಿಫಾರ್ಮ್. ಸೀಟುಗಳ ಮೇಲೆ ಸೀಲ್ ಹಾಕಿದ ಪೆಟ್ಟಿಗೆಗಳು. ಬಾಗಿಲಲ್ಲಿ ಪೊಲೀಸ್. ದಪ್ಪ ಕನ್ನಡಕದ ನನ್ನ ರೂಮ್‌ಮೇಟ್ — ಎಲ್ಲರ ಬಾಯಲ್ಲೂ ಗೂಬೆ — ಇಣುಕಿ ನೋಡಿದಳು.

“ನಿಮ್ಮಪ್ಪ ಸರ್ಕಾರಕ್ಕೇ ಟಿಕೆಟ್ ಹರಿದು ಕೂರಿಸ್ಕೊಂಡಂಗಿದೆ ಕಣೆ.”

ಅಪ್ಪನಿಗೆ ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು. “ಹಸುಗೂಸನ್ನ ತಂದ ಹಾಗೆ ತಂದೆ. ಒಂದು ಪೆಟ್ಟಿಗೆನೂ ಸದ್ದು ಮಾಡಲಿಲ್ಲ.”

ಮಾರ್ಚ್ 21

ರಿಸಲ್ಟ್ ಬಂತು. ಸರ್ಕಾರ ಸೋತಿತು. ಮೆಸ್ಸಿನ ಟಿವಿಯಲ್ಲಿ ಕುಣಿತ. ಯಾರೋ ಚಾನೆಲ್ ಬದಲಿಸಿದರು.

ಮಾರ್ಚ್ 29, ಸಂಜೆ

ಹೊಸಬರ ಮೊದಲ ಆರ್ಡರ್. ಬೊಕ್ಕಸ ಖಾಲಿಯಂತೆ. ಪ್ರಮಾಣವಚನದ ದಿನ ಸರ್ವೀಸಿನಲ್ಲಿದ್ದವರಿಗೆ ಹಳೇ ಪೆನ್ಶನ್ ಇಲ್ಲ. ಹೊಸ ಸ್ಕೀಮು — ಇನ್ನು ಮುಂದೆ ಸಂಬಳದಲ್ಲಿ ವರ್ಷಗಟ್ಟಲೆ ಕಟ್ಟುತ್ತ ಹೋದರೆ ಸಿಗುತ್ತದೆ. ಅಪ್ಪನಿಗೆ ಉಳಿದಿರುವ ಸರ್ವೀಸು ಎರಡು ದಿನ.

ಅಪ್ಪನ ಬಸ್ಸಿನಲ್ಲೇ ಇದ್ದು ಫೆಬ್ರವರಿಯಲ್ಲಿ ರಿಟೈರ್ ಆದ ಕಂಡಕ್ಟರ್ ಅಂಕಲ್‌ಗೆ ಹಳೇ ಪೆನ್ಶನ್ ಬರುತ್ತದೆ. ಅಪ್ಪನಿಗಿಲ್ಲ.

ಫೋನಿನಲ್ಲಿ ಅಮ್ಮ ಮಾತ್ರ ಮಾತಾಡಿದಳು. “ನನ್ನನ್ನೇ ಆರಿಸಿದ್ರು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ರಲ್ಲ. ಈಗ ಬೀದಿ ಕಡೆ ತಲೆ ಹಾಕ್ತಿಲ್ಲ.”

ಏಪ್ರಿಲ್ 8

ಮನೆಗೆ ಬಂದೆ. ಅಪ್ಪನ ಜೊತೆ ಪೆನ್ಶನ್ ಆಫೀಸು. ರಿಟೈರ್ ಆಗಿ ವಾರವಾದರೂ ಯೂನಿಫಾರ್ಮಿನಲ್ಲೇ ಹೊರಟರು. ಕಿಟಕಿಯಾಚೆಯ ಗುಮಾಸ್ತ ಕೆಟ್ಟವನಲ್ಲ. ಕುರ್ಚಿ ತರಿಸಿದ.

“ಯಜಮಾನ್ರೇ, ಇರೋದು ಒಂದೇ ದಾರಿ. ಮಾರ್ಚಲ್ಲಿ ನೀವು ಕೆಲಸದಲ್ಲೇ ಇರಲಿಲ್ಲ ಅಂತ ಮ್ಯಾನೇಜರ್ ಬರೆದುಕೊಡ್ಲಿ.”

ಅಲ್ಲಿಂದ ಸೀದಾ ಡಿಪೋ. ಮ್ಯಾನೇಜರ್ ಅಪ್ಪನ ಮುಖ ನೋಡಲಿಲ್ಲ. ನನಗೇ ಹೇಳಿದರು.

“ಬರೆದುಕೊಡೋದು ದೊಡ್ಡದಲ್ಲಮ್ಮ. ಹಾಗಾದ್ರೆ ಪೆಟ್ಟಿಗೆ ತಂದೋನು ಯಾರು ಅಂತ ಸೋತವರು ಕೇಳ್ತಾರೆ. ಕೆಲಸದಲ್ಲೇ ಇಲ್ಲದೋನು ತಂದ ಅಂದ್ರೆ ಆ ಓಟೆಲ್ಲ ಕೋರ್ಟಿಗೆ. ನಾನೂ ಒಳಗೆ, ನಿಮ್ಮಪ್ಪನೂ ಒಳಗೆ.”

“ಸರ್, ಪ್ಲೀಸ್...” ಅಂದೆ. ಆಮೇಲೆ ಇಂಗ್ಲಿಷಿನಲ್ಲಿ ಏನೇನೋ. ಅನ್‌ಫೇರ್. ರೈಟ್ಸ್. ಹಾಸ್ಟೆಲ್ ಡಿಬೇಟಿನ ಮಾತುಗಳು. ಅಲ್ಲಿ ಕಪ್ ಸಿಕ್ಕಿತ್ತು.

ಅಪ್ಪ ತೋಳು ಹಿಡಿದರು. “ಬಾ. ತಂದಿದ್ದು ನಾನೇ. ತಂದಿಲ್ಲ ಅಂತ ಹೇಗೆ ಹೇಳಿಸ್ಲಿ?”

ಹೇಳಿಸಬಹುದಿತ್ತು. ಹೇಳಿಸಲಿ ಅಂತಲೇ ಇತ್ತು ನನಗೆ. ಬಸ್ ಸ್ಟಾಪಿನಲ್ಲಿ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತ ನಿಂತೆವು.

ಮೇ 30, ಮಧ್ಯಾಹ್ನ

ಬರೆಯಲೇ ಇಲ್ಲ... ಏನಂತ ಬರೆಯುವುದು? ಯೂನಿಯನ್ ಕೇಸು ಹಾಕಿದೆ. “ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಬರುತ್ತೆ,” ಅಂದನಂತೆ ಅವರದೇ ಲಾಯರು. ಅಮ್ಮನ ಬಳೆ ಪರೀಕ್ಷೆಯ ಫೀಸಿಗೆ ಆಯಿತು. ಮುಂದಿನ ವರ್ಷದ ಫೀಸಿಗೆ ಅಪ್ಪನ ಆ ಹಿರಿಮಗ ಕೈಕೊಟ್ಟ. ವಾರ್ಡನ್ ಮೇಡಂ ರೂಮಿನ ಕೀ ಇಸಿದುಕೊಂಡು “ಬ್ರೇಕ್ ಇಯರ್ ಅನ್ಕೋ” ಅಂದರು. ಗೂಬೆ ತನ್ನ ನೋಟ್ಸೆಲ್ಲ ಬ್ಯಾಗಿಗೆ ತುರುಕಿದಳು, ಬೇಡವೆಂದರೂ.

ಅಪ್ಪ ಬಂದಿದ್ದಾರೆ. ಮಾಸಲು ಅಂಗಿ. ಯೂನಿಫಾರ್ಮ್ ಇಲ್ಲದೆ ಗುರುತೇ ಹತ್ತಲಿಲ್ಲ. ಟ್ರಂಕನ್ನು ತಾವೇ ಎತ್ತಿಕೊಂಡರು. ಬೆಳಗ್ಗಿನಿಂದ ಎಲ್ಲರ ಟ್ರಂಕುಗಳೂ ಮೆಟ್ಟಿಲಿಗೆ ದಡದಡ ಬಡಿಯುತ್ತ ಇಳಿದಿವೆ. ನನ್ನದು ಸದ್ದೇ ಇಲ್ಲ.

ಕಿಟಕಿಯಿಂದ ಕಾಣುತ್ತಿದ್ದಾರೆ. ಗೇಟಿನ ಹತ್ತಿರ ಟ್ರಂಕು ಇಳಿಸಿದರು. ಬೀಗ ಎಳೆದು ನೋಡಿದರು. ಮತ್ತೊಮ್ಮೆ ಎಳೆದು ನೋಡಿದರು. ಈಗ ತಲೆಯೆತ್ತಿ ಏನೋ ಕೇಳುತ್ತಿದ್ದಾರೆ. ಇನ್ನೇನಾದರೂ ಉಳಿದಿದೆಯಾ ಅಂತ ಇರಬೇಕು. ಇಲ್ಲ ಅಪ್ಪ, ಏನೂ—