ನಿಮ್ಮ ಜರಡಿ ಎಸೆದ ಅರ್ಜಿಯನ್ನು ನೀವೇ ಒಮ್ಮೆ ಓದಿ

ನಮ್ಮ ಕೌಂಟಿ ಆಸ್ಪತ್ರೆಯ ರೆಸಿಡೆನ್ಸಿ ನಿರ್ದೇಶಕರಿಗೆ,

ಮಾನ್ಯರೇ,

ನೀವು ನನ್ನ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಅದು ನಿಮ್ಮ ಅಧಿಕಾರ, ಒಪ್ಪುತ್ತೇನೆ. ಆದರೆ ನೀವು ಅದನ್ನು ಓದಿಯೇ ಇಲ್ಲ. ಮೂರು ವರ್ಷದಿಂದ ಓದದೆಯೇ ತಿರಸ್ಕರಿಸುತ್ತಿದ್ದೀರಿ. ನನ್ನ ದೂರು ಇಷ್ಟೇ.

ಪರವಾನಗಿ ಪರೀಕ್ಷೆಯ ಮೊದಲ ಹಂತದಲ್ಲಿ ಒಮ್ಮೆ ನಪಾಸಾದವರ ಅರ್ಜಿ ನಿಮ್ಮ ಕಣ್ಣಿಗೇ ಬೀಳದಂತೆ ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಒಂದು ಜರಡಿ ಇಟ್ಟಿದ್ದೀರಿ. ಯಾರು ಹೇಳಿದರು ಎಂದು ಹುಡುಕಲು ಹೋಗಬೇಡಿ. ಈ ಊರಿಗೆಲ್ಲ ಇರುವುದು ಒಂದೇ ಬ್ಯೂಟಿ ಪಾರ್ಲರ್, ಅಲ್ಲಿ ಕೂದಲು ಬಿಚ್ಚಿ ಕೂತವರು ಬಾಯಿಯನ್ನೂ ಬಿಚ್ಚುತ್ತಾರೆ. ಇತ್ತ ನಿಮ್ಮ ಜಾಲತಾಣದಲ್ಲಿ, ನಗುವ ಯುವ ವೈದ್ಯರ ಚಿತ್ರದ ಕೆಳಗೆ, ದಪ್ಪ ಅಕ್ಷರದಲ್ಲಿ ಬರೆಸಿದ್ದೀರಿ: ನಾವು ಅಂಕಗಳನ್ನಲ್ಲ, ಇಡೀ ಮನುಷ್ಯನನ್ನು ನೋಡುತ್ತೇವೆ. ಇಡೀ ಮನುಷ್ಯಳಿರಲಿ ಮಾನ್ಯರೇ, ನನ್ನ ಹೆಸರಿನ ಮೊದಲ ಅಕ್ಷರವನ್ನಾದರೂ ನೋಡಿದ್ದೀರಾ?

ಈ ಪತ್ರಿಕೆ ಓದುವ ನನ್ನ ನೆರೆಹೊರೆಯವರಿಗೆ ಒಂದು ಮಾತು ಹೇಳಬೇಕು, ಯಾಕೆಂದರೆ ಅವರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ 'ಡಾಕ್ಟ್ರಮ್ಮ' ಎಂದು ಕರೆದು ಮಂಡಿನೋವು ತೋರಿಸುತ್ತಾರೆ. ನಾನು ವೈದ್ಯ ಪದವಿ ಮುಗಿಸಿದ್ದೇನೆ, ನಿಜ. ಆದರೆ ಪದವಿಯ ನಂತರ ಯಾವುದಾದರೊಂದು ಆಸ್ಪತ್ರೆ ನನ್ನನ್ನು ರೆಸಿಡೆಂಟ್ ಎಂದು ತೆಗೆದುಕೊಂಡು ಮೂರು ವರ್ಷ ಪಳಗಿಸದಿದ್ದರೆ, ನಿಮ್ಮ ಮಂಡಿಗೆ ಒಂದು ಮಾತ್ರೆ ಬರೆದುಕೊಡುವ ಹಕ್ಕು ನನಗಿಲ್ಲ. ಹಾಗಾಗಿ ಈಗ ಹೈಸ್ಕೂಲಿನಲ್ಲಿ, ಯಾರಾದರೂ ಮೇಷ್ಟ್ರು ರಜೆ ಹಾಕಿದ ದಿನ ಹೋಗಿ, ಮಕ್ಕಳಿಗೆ ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ಹೇಳಿಕೊಡುತ್ತಿದ್ದೇನೆ. ಮನುಷ್ಯರ ಹೃದಯದ ವಿಷಯ ನಿಮ್ಮ ಜರಡಿಗೆ ಬಿಟ್ಟಿದ್ದೇನೆ.

ನನ್ನ ಅಂಕಗಳು ಏರುಪೇರು. ಪುಸ್ತಕದ ವಿಜ್ಞಾನವನ್ನಷ್ಟೇ ಕೇಳುವ ಮೊದಲ ಹಂತ ಒಮ್ಮೆ ನಪಾಸು, ಮರುಬಾರಿ ಪಾಸು. ಎರಡನೇ ಹಂತದಲ್ಲಿ, ಅಂದರೆ ಪುಸ್ತಕ ಮಡಚಿಟ್ಟು ರೋಗಿಯ ಮುಂದೆ ನಿಂತಾಗ ಏನು ಮಾಡುತ್ತೀಯ ಎಂದು ಕೇಳುವ ಪರೀಕ್ಷೆಯಲ್ಲಿ, ನೀವು ಈವರೆಗೆ ಸೇರಿಸಿಕೊಂಡ ಬಹುಪಾಲು ಜನರಿಗಿಂತ ಹೆಚ್ಚು. ಇದು ಜಂಬವಲ್ಲ. ನಿಮ್ಮ ರೆಸಿಡೆಂಟರ ಸರಾಸರಿಯನ್ನು ನೀವೇ ಜಾಲತಾಣದಲ್ಲಿ ಹಾಕಿಕೊಂಡಿದ್ದೀರಿ. ಇದೇ ಅಂಕಗಳು ತಿರುಗುಮುರುಗಾಗಿ, ಮೊದಲು ಸಲೀಸಾಗಿ ಪಾಸಾಗಿ ಆಮೇಲೆ ಇಳಿದಿದ್ದರೆ ಜರಡಿ ನನ್ನನ್ನು ಒಳಗೆ ಬಿಡುತ್ತಿತ್ತು. ಬಿದ್ದು ಎದ್ದವಳು ಬೇಡ, ಮೇಲಿಂದ ಜಾರುತ್ತಿರುವವರು ಪರವಾಗಿಲ್ಲ! ಇದು ಯಾವ ಸೀಮೆಯ ವೈದ್ಯಶಾಸ್ತ್ರ? ನಮ್ಮ ವೆಸ್ಟ್ ವರ್ಜೀನಿಯಾದಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದವನಿಗೂ ಶಿಕ್ಷೆ ಮುಗಿದ ಮೇಲೆ ಲೈಸೆನ್ಸು ವಾಪಸು ಕೊಡುತ್ತಾರೆ. ಜೀವರಸಾಯನಶಾಸ್ತ್ರದಲ್ಲಿ ಎಡವಿದವಳಿಗೆ ಮಾತ್ರ ಜೀವಾವಧಿ.

ಯಾಕೆ ನಪಾಸಾದೆ? ಇದನ್ನು ನೀವು ಕೇಳಬೇಕಿತ್ತು. ಕೇಳಲಿಲ್ಲ, ಆದ್ದರಿಂದ ಊರ ಮುಂದೆ ಹೇಳುತ್ತೇನೆ.

ಮೊದಲ ಹಂತಕ್ಕೆ ಓದಲೆಂದು ಕಾಲೇಜು ಕೆಲವು ವಾರ ಬಿಡುವು ಕೊಡುತ್ತದೆ. ನಾನು ಮನೆಗೆ ಬಂದೆ. ಆ ಓದೆಲ್ಲ ನಡೆಯುವುದು ಇಂಟರ್‌ನೆಟ್ಟಿನಲ್ಲಿ, ಸಾವಿರಾರು ಪ್ರಶ್ನೆಗಳನ್ನು ಬಿಡಿಸುತ್ತಾ. ನಮ್ಮ ಕಣಿವೆಯಲ್ಲಿ ಇಂಟರ್‌ನೆಟ್ ಬರುವುದಕ್ಕಿಂತ ಜಿಂಕೆ ಬರುವುದೇ ಹೆಚ್ಚು. ಊರಿನಲ್ಲಿ ಅದು ಗಟ್ಟಿಯಾಗಿ ಸಿಗುತ್ತಿದ್ದುದು ಒಂದೇ ಕಡೆ: ನಿಮ್ಮ ಆಸ್ಪತ್ರೆಯ ಗ್ರಂಥಾಲಯ. ವಿದ್ಯಾರ್ಥಿ ಎಂದು ನನಗೆ ಅಲ್ಲಿ ಮೇಜು, ದೀಪ, ಒಳಬಾಗಿಲ ಕಾರ್ಡು ಎಲ್ಲ ಕೊಟ್ಟಿದ್ದರು. ಮೂರನೆಯ ದಿನ ಆಸ್ಪತ್ರೆಯ ಅಡುಗೆಮನೆ ಮತ್ತು ಬಟ್ಟೆ ಒಗೆಯುವ ವಿಭಾಗದವರು ಮುಷ್ಕರ ಹೂಡಿದರು. ಕೇಳಿದ್ದು ದೊಡ್ಡದೇನಲ್ಲ. ಜ್ವರ ಬಂದ ದಿನ ರೋಗಿಗಳ ಊಟದ ತಟ್ಟೆ ಮುಟ್ಟುವುದಿಲ್ಲ, ಆ ದಿನದ ರಜೆ ಕೊಡಿ ಎಂದು. ಗೇಟಿನ ಮುಂದೆ ಫಲಕ ಹಿಡಿದು ನಿಂತವರಲ್ಲಿ ನನ್ನ ಅಮ್ಮ ಓಲೀಟಾ ಒಬ್ಬಳು. ಗ್ರಂಥಾಲಯಕ್ಕೆ ಹೋಗಬೇಕಾದರೆ ಅವರ ಸಾಲನ್ನು ದಾಟಬೇಕು.

ನನ್ನ ಅಜ್ಜ ಗಣಿ ಕಾರ್ಮಿಕರ ಸಂಘದವನು. ನಮ್ಮ ಮನೆಯಲ್ಲಿ ಮಕ್ಕಳಿಗೆ ಪ್ರಾರ್ಥನೆಗಿಂತ ಮೊದಲು ಕಲಿಸುವುದು, ಮುಷ್ಕರದ ಸಾಲು ದಾಟಬಾರದು ಎಂದು. ನಾನು ಪುಸ್ತಕದ ಚೀಲ ಹೊತ್ತು ಗೇಟಿನ ಈಚೆ ನಿಂತೆ. ಅಮ್ಮ ನನ್ನನ್ನು ನೋಡಿದಳು.

"ಹೋಗೇ ಒಳಗೆ," ಅಂದಳು. "ನಾನು ಆ ಕಡೆ ತಿರುಗ್ಕೊಂಡು ನಿಂತಿರ್ತೀನಿ. ನಾನು ನೋಡಲೇ ಇಲ್ಲ ಅಂತ ಅಂದ್ಕೊ."

"ನೀನು ತಿರುಗ್ಕೊಂಡ್ರೆ ಉಳಿದವರು?"

"ಅವರಿಗೂ ಹೇಳ್ತೀನಿ ಕಣೇ. ಎಲ್ರೂ ತಿರುಗ್ಕೋತಾರೆ."

ಪಕ್ಕದಲ್ಲಿ, ತಂಗಿಗೆ ಬೆಂಬಲವೆಂದು ಬಂದು ನಿಂತಿದ್ದ ಅಮ್ಮನ ಅಣ್ಣ, ಬರ್ಲ್ ಮಾಮ, ಗಣಿ ದೂಳು ತಿಂದ ಎದೆಯಿಂದ ಸುಯ್ಯೆಂದು ಉಸಿರೆಳೆದ. "ನಾನಂತೂ ತಿರುಗಲ್ಲಮ್ಮ. ನನ್ನ ಸೊಂಟ ಹಿಡ್ಕೊಂಡಿದೆ."

ಎಲ್ಲರೂ ನಕ್ಕರು. ನಾನು ದಾಟಲಿಲ್ಲ. ಹೆದ್ದಾರಿ ಪಕ್ಕದ ಬರ್ಗರ್ ಅಂಗಡಿಯ ಹೊರಗೆ ಕಾರು ನಿಲ್ಲಿಸಿ, ಅವರ ಇಂಟರ್‌ನೆಟ್ಟನ್ನು ಗೋಡೆಯಾಚೆಯಿಂದ ಎರವಲು ಪಡೆದು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಓದಿದೆ. ಅದು ಪ್ರಶ್ನೆಯ ನಡುವೆಯೇ ಕಡಿದುಹೋಗುತ್ತಿತ್ತು. ಮಧ್ಯಾಹ್ನ ಸಾಲಿನವರಿಗೆ ಬೇಯಿಸಿದ ಬೀನ್ಸು ಒಯ್ಯುತ್ತಿದ್ದೆ. ಪರೀಕ್ಷೆ ಮುಂದೂಡಿದ್ದರೆ ವಾರ್ಡಿನಲ್ಲಿ ರೋಗಿಗಳ ನಡುವೆ ಕಲಿಯುವ ಮುಂದಿನ ವರ್ಷವೇ ಕೈತಪ್ಪುತ್ತಿತ್ತು. ಬರೆದೆ, ನಪಾಸಾದೆ. ಮುಷ್ಕರ ಗೆದ್ದಿತು. ಇವತ್ತು ನಿಮ್ಮ ರೋಗಿಗಳಿಗೆ ಊಟ ಬಡಿಸುವವರು ಜ್ವರ ಬಂದರೆ ಮನೆಯಲ್ಲಿರುತ್ತಾರೆ. ರೋಗ ಹರಡದಂತೆ ತಡೆಯುವುದು ವೈದ್ಯರ ಕೆಲಸ ಎಂದು ನಿಮ್ಮ ಪುಸ್ತಕಗಳಲ್ಲೂ ಇದೆ. ಹಾಗಾದರೆ ಆ ವಾರಗಳಲ್ಲಿ ಆ ಕೆಲಸ ಮಾಡಿದವರು ಯಾರು ಮಾನ್ಯರೇ, ಗೇಟಿನ ಒಳಗಿದ್ದವರೋ ಹೊರಗಿದ್ದವರೋ?

ಇದನ್ನೆಲ್ಲ ಅರ್ಜಿಯ ಜೊತೆಗಿನ ಸ್ವವಿವರದಲ್ಲಿ ಬರೆಯುತ್ತೇನೆ ಎಂದಾಗ ಕಾಲೇಜಿನ ಸಲಹೆಗಾರರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಮುಷ್ಕರ ಅನ್ನೋ ಪದ ಬೇಡ," ಅಂದರು. "ಆಸ್ಪತ್ರೆಯವರು ಆ ಪದ ನೋಡಿದ್ರೆ ಮುಂದಕ್ಕೆ ಓದಲ್ಲ. ಆ ವರ್ಷ ಮನೆಲಿ ಯಾರಾದ್ರೂ ತೀರ್ಕೊಂಡಿದ್ರಾ?"

"ಇಲ್ಲ, ಸರ್."

"ಕಾಯಿಲೆ? ದೊಡ್ಡ ಕಾಯಿಲೆ?"

"ಆ ವರ್ಷ ಹೊಸದಾಗಿ ಯಾರಿಗೂ ಇಲ್ಲ."

"ಛೆ," ಅಂದರು, ನಿಜವಾಗಿಯೂ ಬೇಸರದಿಂದ.

ಮನೆಗೆ ಬಂದು ಹೇಳಿದರೆ ಬರ್ಲ್ ಮಾಮನಿಗೆ ಕುಣಿಯುವಷ್ಟು ಖುಷಿ. "ನನ್ನ ಹೆಸರು ಹಾಕೇ! ಅರ್ಧ ಸತ್ತಿದೀನಿ ಹೇಗೂ, ಉಳಿದರ್ಧ ನೀನು ಬರ್ಕೋ. ಚೆನ್ನಾಗಿ ಅಳ್ಸು ಅವರನ್ನ."

"ಆಮೇಲೆ ನಾನು ಇಲ್ಲೇ ರೆಸಿಡೆಂಟ್ ಆಗಿ, ನೀನು ಕೆಮ್ಕೊಂಡು ಅದೇ ಆಸ್ಪತ್ರೆಗೆ ಬಂದ್ರೆ?"

"ದೆವ್ವ ಅಂತ ಹೇಳು. ದೆವ್ವಕ್ಕೂ ವಿಮೆ ಕೊಡ್ತಾರಾ ಕೇಳು."

ನಾನು ಯಾರನ್ನೂ ಸಾಯಿಸಲಿಲ್ಲ. ಮೂರು ವರ್ಷವೂ ನಡೆದದ್ದನ್ನೇ ಬರೆದೆ. ಒಂದು ಸಾವಿನ ಕಥೆ ಹೆಣೆದಿದ್ದರೆ ನಿಮ್ಮಂಥ ಇತರ ನಿರ್ದೇಶಕರ ಮನ ಕರಗುತ್ತಿತ್ತೇನೋ. ನಿಮ್ಮದು ಅದಕ್ಕೂ ಕರಗುತ್ತಿರಲಿಲ್ಲ. ಓದಿದರೆ ತಾನೇ ಕರಗುವುದು?

ನಿಮ್ಮ ಸಮರ್ಥನೆ ನನಗೆ ಬಾಯಿಪಾಠ. ಅರ್ಜಿಗಳು ರಾಶಿ ರಾಶಿ, ಸಮಯವಿಲ್ಲ. ಸರಿ. ಅದಕ್ಕೆಂದೇ ಅರ್ಜಿ ವ್ಯವಸ್ಥೆಯವರು ಅಭ್ಯರ್ಥಿಗೆ ಐದೇ ಐದು ಇಷ್ಟದ ಗುರುತುಗಳನ್ನು ಕೊಟ್ಟಿದ್ದಾರೆ. ನಿಜವಾಗಿ ಬೇಕೆನಿಸಿದ ಆಸ್ಪತ್ರೆಗೆ 'ನಾನು ನಿಮ್ಮಲ್ಲಿಗೇ ಬರಬೇಕೆಂದಿದ್ದೇನೆ' ಎಂದು ಹೇಳಲು. ನನ್ನ ಓರಗೆಯವರು ಲೆಕ್ಕ ಹಾಕಿ, ಸಿಕ್ಕಬಹುದಾದ ಕಡೆಗೇ ಹಾಕಿದರು. ನಾನು ಮೂರು ಸಲವೂ ಮೊದಲ ಗುರುತನ್ನು ಹುಟ್ಟೂರಿನ ಆಸ್ಪತ್ರೆಗೆ, ನಿಮಗೆ, ಹಾಕಿದೆ. ಆ ಗುರುತು ನಿಮ್ಮ ಮೇಜಿಗೆ ಬರುವ ಮೊದಲೇ ಜರಡಿ ಅರ್ಜಿಯ ಜೊತೆಗೆ ಅದನ್ನೂ ಎಸೆಯುತ್ತದೆ ಎಂದು ನೀವು ಎಲ್ಲೂ ಬರೆದಿರಲಿಲ್ಲ. 'ನಪಾಸಾದವರು ಬೇಡ' ಎಂಬ ಒಂದು ಸಾಲು ಹಾಕಿದ್ದರೆ ಬೇರೆ ಎಲ್ಲಾದರೂ ಬದುಕುತ್ತಿದ್ದೆನಲ್ಲ. ಆ ಒಂದು ಸಾಲಿನ ಮರ್ಯಾದೆಗೂ ನಾನು ಯೋಗ್ಯಳಲ್ಲವೇ?

ಇನ್ನೊಂದು ಸಮರ್ಥನೆ: ಒಮ್ಮೆ ನಪಾಸಾದವರು ತರಬೇತಿಯ ಕೊನೆಯ ಪರೀಕ್ಷೆಯಲ್ಲೂ ಕೈಕೊಟ್ಟರೆ ನಿಮ್ಮ ಕಾರ್ಯಕ್ರಮದ ಫಲಿತಾಂಶ ಇಳಿಯುತ್ತದೆ. ಅಂದರೆ ನೀವು ವೈದ್ಯರನ್ನು ಆರಿಸುತ್ತಿಲ್ಲ, ನಿಮ್ಮ ಅಂಕಪಟ್ಟಿಯನ್ನು ಕಾಯುತ್ತಿದ್ದೀರಿ. ಹಾಗೆ ಕಾದು ಆರಿಸಿದವರು ಎಲ್ಲಿದ್ದಾರೆ? ತರಬೇತಿ ಮುಗಿದ ವಾರವೇ ಸಾಮಾನು ಕಟ್ಟಿ ದೊಡ್ಡ ನಗರಗಳಿಗೆ ಹೋಗಿದ್ದಾರೆ. ಬರ್ಲ್ ಮಾಮನ ಶ್ವಾಸಕೋಶ ನೋಡಿಸಲು ಈಗಲೂ ಎರಡು ಬೆಟ್ಟ ದಾಟಿ ಹೋಗುತ್ತೇವೆ. ಫಲಿತಾಂಶ ಚೆನ್ನಾಗಿದೆ, ಅಭಿನಂದನೆಗಳು.

ಈಗ ಕಳೆದ ವಾರಕ್ಕೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ದೇಶದ ಎಲ್ಲ ರೆಸಿಡೆನ್ಸಿ ಅಭ್ಯರ್ಥಿಗಳಿಗೆ ಒಂದೇ ಗಳಿಗೆಯಲ್ಲಿ ಸೀಟು ಹಂಚಿಕೆಯ ಮಿಂಚಂಚೆ ಬಂತು. ನನ್ನದರಲ್ಲಿ, ನಿಮಗೆ ಎಲ್ಲೂ ಸ್ಥಾನ ದೊರೆತಿಲ್ಲ ಎಂದಿತ್ತು. ಅದೇ ದಿನ, ದೇಶದಲ್ಲಿ ಎಲ್ಲೆಲ್ಲಿ ಸೀಟು ಖಾಲಿ ಉಳಿದಿವೆ ಎಂಬುದೂ ಹೊರಬಿತ್ತು. ಅದರಲ್ಲಿ ನಿಮ್ಮ ಆಸ್ಪತ್ರೆಯ ಎರಡು! ಮತ್ತೆ ನಿಮಗೇ ಅರ್ಜಿ ಹಾಕಿದೆ. ಆದರೆ ಖಾಲಿ ಸೀಟು ತುಂಬುವ ಸುತ್ತಿನ ಆ ನಾಲ್ಕು ದಿನ ನಾವು ಬಾಯಿ ಬಿಡುವಂತಿಲ್ಲ. ಆಸ್ಪತ್ರೆ ತಾನಾಗಿ ಕರೆಯುವವರೆಗೆ ಅಭ್ಯರ್ಥಿಯಾಗಲಿ, ಅಭ್ಯರ್ಥಿಯ ಪರವಾಗಿ ಯಾರೇ ಆಗಲಿ, ಒಂದು ಮಾತು ಆಡಿದರೂ ನಿಯಮಭಂಗ, ಮುಂದಿನ ಬಾಗಿಲೂ ಮುಚ್ಚಬಹುದು.

ನನ್ನ ಅಮ್ಮ ಈಗ ನಿಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬೆಳಗಿನ ತಿಂಡಿ ಬಡಿಸುತ್ತಾಳೆ, ನಿಮಗೆ ಗೊತ್ತು. ಮಂಗಳವಾರ ನೀವು ತಟ್ಟೆ ಹಿಡಿದು ಅವಳ ಮುಂದೆ ನಿಂತಿರಿ. ಸಂಜೆ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

ನೀವು ಅಂದಿರಿ, "ಏನಮ್ಮ ಓಲೀಟಾ, ಹೇಗಿದಾಳೆ ನಿಮ್ಮ ಹುಡುಗಿ? ಡಾಕ್ಟರ್ ಆದ್ಲಾ?"

ಅವಳು ಅಂದಳು, "ಇನ್ನೂ ಇಲ್ಲ, ಡಾಕ್ಟ್ರೇ. ಮೊಟ್ಟೆ ಮೇಲೆ ಗ್ರೇವಿ ಹಾಕ್ಲಾ?"

"ಹಾಕಿ, ಹಾಕಿ. ಇವತ್ತು ಬಹಳ ಕೆಲಸ. ಎರಡು ಸೀಟು ಖಾಲಿ ಬಿದ್ದಿವೆ, ಒಳ್ಳೆ ಜನ ಸಿಗ್ತಾ ಇಲ್ಲ."

ಅಮ್ಮ ಗ್ರೇವಿ ಹಾಕಿದಳು. ನೀವು ಥ್ಯಾಂಕ್ಸ್ ಹೇಳಿ ಹೋದಿರಿ. ಕೆಲಸದ ಬಟ್ಟೆಯನ್ನೂ ಬಿಚ್ಚದೆ ಅಡುಗೆಮನೆಯಲ್ಲಿ ಕೂತು ಅವಳು ಇದನ್ನು ಹೇಳಿದಾಗ ನಾನು ಕಿರುಚಿದೆ: "ಒಂದು ಮಾತು ಅಂದಿದ್ರೆ ಏನಾಗ್ತಿತ್ತಮ್ಮ? ನನ್ನ ಮಗಳು ಅರ್ಜಿ ಹಾಕಿದಾಳೆ ಅಂತ ಒಂದೇ ಒಂದು ಮಾತು!"

"ನೀನೇ ತಾನೇ ಹೇಳಿದ್ದು, ಮಾತಾಡಿದ್ರೆ ನಿನ್ನನ್ನ ಹೊರಗೆ ಹಾಕ್ತಾರೆ ಅಂತ?" ಅಂದಳು. "ನಾಲಿಗೆ ಕಚ್ಚಿ ಹಿಡ್ಕೊಂಡಿದ್ದೆ ಕಣೇ. ನೋಡು, ಇನ್ನೂ ಉರೀತಿದೆ."

ಮುಷ್ಕರದ ದಿನಗಳಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ ಹೆಂಗಸು ಅವಳು. ಅವಳ ಬಾಯನ್ನು ನಿಮ್ಮ ಆಡಳಿತ ಮಂಡಳಿಗೆ ಮುಚ್ಚಿಸಲಾಗಲಿಲ್ಲ. ಮಗಳ ಭವಿಷ್ಯ ಮುಚ್ಚಿಸಿತು. ಅವತ್ತು ಇಬ್ಬರೂ ಅತ್ತೆವು. ಬೇರೇನೂ ಮಾಡಲು ತೋಚಲಿಲ್ಲ.

ಗುರುವಾರ ಆ ಸುತ್ತು ಮುಗಿಯಿತು. ಎರಡರಲ್ಲಿ ಒಂದು ಸೀಟು ತುಂಬಿತು. ಇನ್ನೊಂದು ಇವತ್ತಿಗೂ ಖಾಲಿ. ಬಾಯಿಗೆ ಹಾಕಿದ್ದ ಬೀಗವೂ ಅಂದೇ ಕಳಚಿತು, ಆದ್ದರಿಂದ ಈ ಪತ್ರ. ನಿಮಗೆ ಇನ್ನೊಂದು ಜರಡಿಯೂ ಇದೆಯಂತೆ: ಪದವಿ ಮುಗಿಸಿ ಮೂರು ವರ್ಷ ದಾಟಿದವರೂ ಬೇಡ. ಬಹುತೇಕ ಆಸ್ಪತ್ರೆಗಳಲ್ಲಿ ಹೀಗೆಯೇ. ಬರುವ ವರ್ಷ ನಾನು ಎರಡು ಜರಡಿಗೆ ಸಿಗುತ್ತೇನೆ. ಅಂದರೆ ನನಗೆ ಬರುವ ವರ್ಷ ಎಂಬುದಿಲ್ಲ. ಈ ಸೀಟು ತಪ್ಪಿದರೆ ನಾನು ಎಂದೂ ವೈದ್ಯೆಯಾಗುವುದಿಲ್ಲ. ಇದನ್ನು ಗಂಭೀರವಾದ ಭಾಷೆಯಲ್ಲಿ ಹೇಳಲು ಪ್ರಯತ್ನಿಸಿದೆ, ಬರಲಿಲ್ಲ. ನನಗೆ ಭಯವಾಗುತ್ತಿದೆ, ಮಾನ್ಯರೇ. ಬೆಳಿಗ್ಗೆ ಏಳಲು ಭಯವಾಗುತ್ತಿದೆ.

ನಾನು ಸೀಟನ್ನು ದಾನ ಕೇಳುತ್ತಿಲ್ಲ. ಆ ಖಾಲಿ ಕುರ್ಚಿಯನ್ನು ತುಂಬುವ ಮೊದಲು ಜರಡಿಯನ್ನು ಪಕ್ಕಕ್ಕಿಟ್ಟು, ಅದು ಎಸೆದವರ ಅರ್ಜಿಗಳನ್ನು ತೆರೆಯಿರಿ. ನನ್ನದೊಂದೇ ಅಲ್ಲ, ಎಲ್ಲರದೂ. ನಿಮ್ಮ ಕಣ್ಣಿನಿಂದ ಓದಿ. ನನ್ನನ್ನು ಕರೆಸಿ, ಎದುರಿಗೆ ಕೂರಿಸಿ, ಕಠಿಣವಾದ ಪ್ರಶ್ನೆಗಳನ್ನೇ ಕೇಳಿ. ಎಲ್ಲ ಕೇಳಿದ ಮೇಲೂ ನಾನು ಬೇಡವೆನಿಸಿದರೆ, ನನ್ನ ಮುಖ ನೋಡಿ 'ಬೇಡ' ಎನ್ನಿ. ಮೂರು ವರ್ಷದಲ್ಲಿ ನಿಮ್ಮ ಆಸ್ಪತ್ರೆಯ ಒಬ್ಬ ಮನುಷ್ಯನೂ ನನ್ನನ್ನು ಬೇಡ ಎಂದಿಲ್ಲ. ಅಷ್ಟನ್ನು ಅನ್ನಿಸಿಕೊಳ್ಳುವ ಹಕ್ಕಾದರೂ ನನಗಿದೆ.

ಇಂತಿ,
ನಿಮ್ಮ ಊರಿನವಳೇ ಆದ, ನಿಮಗೆ ಸಿಗದ 'ಒಳ್ಳೆ ಜನ'ರಲ್ಲಿ ಒಬ್ಬಳು,
ರೋವೆನಾ ಸ್ಟಿಲ್ಟ್‌ನರ್
ವೈದ್ಯ ಪದವೀಧರೆ, ಸದ್ಯಕ್ಕೆ ಕಪ್ಪೆಗಳಿಗೆ ಮಾತ್ರ