ಬಿಸಿಯಾಗದ ಪೆಟ್ಟಿಗೆ

ಅಣ್ಣಾ,

ಹಳೆಯದು ಕೈಕೊಡುತ್ತಿದೆ ಎಂದು ನೀನು ಕಳಿಸಿದ ಹೊಸ ಆಡಿಯೊ ಕನ್ವರ್ಟರ್, ಅದೇ ಸ್ಪೀಕರಿಗೆ ಹಾಡು ದಾಟಿಸುವ ಪೆಟ್ಟಿಗೆ, ತಲುಪಿತು. ಅಪ್ಪ ಹಾಡಿದ್ದ ರೆಕಾರ್ಡಿಂಗನ್ನು ಎರಡರಲ್ಲೂ ಹಾಕಿ ಕೇಳಿದೆ. ನಿಜ ಹೇಳಬೇಕೆಂದರೆ, ನನ್ನ ಕಿವಿಗೆ ಎರಡೂ ಒಂದೇ.

ವ್ಯತ್ಯಾಸ ಗೊತ್ತಾದದ್ದು ಕಿವಿ ಪೂರ್ತಿ ಹೋಗಿರುವ ಅಮ್ಮನಿಗೆ. ಹಳೆಯ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂರುತ್ತಾಳಲ್ಲ, ಅದು ಬೆಚ್ಚಗಿದ್ದರೆ ಅಪ್ಪ ಹಾಡುತ್ತಿದ್ದಾರೆ ಎಂದು ಅವಳ ಲೆಕ್ಕ. ಹೊಸದು ಬಿಸಿಯೇ ಆಗುವುದಿಲ್ಲ. "ನಿಮ್ಮಪ್ಪ ಯಾಕೆ ಅರ್ಧಕ್ಕೇ ನಿಲ್ಲಿಸಿಬಿಟ್ರು?" ಎಂದು ಬೆಳಗಿನಿಂದ ನನ್ನ ತಲೆ ತಿನ್ನುತ್ತಿದ್ದಾಳೆ.

ಸಾಕಾಗಿದೆ ಅಣ್ಣ. ಹೊಸದನ್ನು ವಾಪಸ್ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹಳೆಯದನ್ನೇ ರಿಪೇರಿಗೆ ಕೊಡುತ್ತೇನೆ. ಅದು ಅಂಗಡಿಯಲ್ಲಿರುವಷ್ಟು ದಿನ ನೀನು ಬಂದು ಇಲ್ಲಿರು. ಅಮ್ಮನ ಕೈಗೆ ಬೆಚ್ಚಗಿನದು ಏನಾದರೂ ಬೇಕಲ್ಲ.

ನಿನ್ನ ತಂಗಿ